ಸೊನ್ನೆ ಟಿಕೆಟ್ಟು

ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಗೆ
ಒಂದೇ ಕಿಟಕಿ, ಅದೂ ಪಕ್ಕದವರ ಗೋಡೆ ನೋಡಲಿಕ್ಕೆ.
ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕಾದರೆ
ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು.
ಆದರೆ ಸಯ್ಯಾಜಿರಾವ್ ರಸ್ತೆಯ ಅಂಗಡಿಗೆ
ನಡೆದರೆ ಹನ್ನೊಂದು ನಿಮಿಷ.
ದಾರಿಯಲ್ಲಿ ಚಪ್ಪಲಿ ಕಿತ್ತರೆ ಹೊಲಿಸಿಕೊಂಡು,
ಆಗತಾನೆ ಮೂಟೆ ಬಿಚ್ಚಿದ ಸೇವಂತಿಗೆ ಒಂದು ಮೊಳ ಕೊಂಡು,
ಶಟರ್ ಏಳುವ ಮೊದಲೇ ನಿಂತಿರುತ್ತಿದ್ದೆ.

ಈಗ ಬೋಗಾದಿ ದಾಟಿ, ರಿಂಗ್ ರೋಡು ದಾಟಿ,
ಶ್ರೀಗಂಧ ಬಡಾವಣೆ, ಎರಡನೇ ಹಂತ.
ಮೊದಲನೇ ಹಂತ ಎಲ್ಲಿದೆಯೋ ಕಂಡವರಿಲ್ಲ.
ಮೂವತ್ತು ನಲವತ್ತರ ಸೈಟು, ನಾಲ್ಕೂ ಕಡೆ ಗಾಳಿ.
ಬೆಳಗಾದರೆ ನವಿಲೊಂದು ಸಂಪಿನ ಮುಚ್ಚಳದ ಮೇಲೆ ನಿಂತು
ಕಂತು ತಾನೇ ಕಟ್ಟುತ್ತಿರುವ ಹಾಗೆ ನೋಡುತ್ತದೆ.
"ಸರ್ಕಲ್ಲಿಂದ ಬರೀ ಹದಿನೈದು ನಿಮಿಷ ಮೇಡಂ" ಅಂದಿದ್ದ
ಬ್ರೋಕರ್ ಸಿದ್ದಪ್ಪಾಜಿ. ಸುಳ್ಳಲ್ಲ:
ಅವನ ಕಾರು, ಭಾನುವಾರ, ಬೆಳಗಿನ ಆರು ಗಂಟೆ.

ನನಗೆ ಸೋಮವಾರಗಳಿವೆ.
ಮನೆಯಿಂದ ಸ್ಟಾಪಿಗೇ ಇಪ್ಪತ್ತು ನಿಮಿಷ,
ದೀಪವಿಲ್ಲದ ಕಂಬಗಳ ಪಕ್ಕ. ಒಂದು ಜೊತೆ ಚಪ್ಪಲಿ ಕೆಮ್ಮಣ್ಣಿಗೆ,
ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ, ಅಂಗಡಿಯ ಗ್ರಾನೈಟಿಗೆ.
ಎಂಟೂ ಹತ್ತರದು ಬರದಿದ್ದರೆ ಒಂಬತ್ತೂ ಕಾಲಿನದು;
ಅದರ ಬಾಗಿಲಿಗೆ ಇಡೀ ಕಾಲೇಜು ನೇತಾಡುತ್ತಿರುತ್ತದೆ.
ಆಧಾರ್ ತೋರಿಸುತ್ತೇನೆ. ಕಂಡಕ್ಟರು ಚೀಟಿ ಹರಿಯುತ್ತಾನೆ:
ಮೊತ್ತ ಸೊನ್ನೆ.
ದಿನವಿಡೀ ಬಿಲ್ಲು ಬರೆಯುವವಳು ನಾನು,
ಸೊನ್ನೆ ಕಂಡರೆ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಗುತ್ತದೆ,
ಏನನ್ನು ಹಿಡಿಯಲು ಮರೆತಿದ್ದಾರೆ ಎಂದು.

ರೇಷ್ಮೆ ಕೌಂಟರಿನಲ್ಲಿ ನಾನು ಮತ್ತು ಶಾಹೀನಾ.
ಸೀರೆಗೆ ಮೂವತ್ತು ರೂಪಾಯಿ ಇನ್ಸೆಂಟಿವ್.
ಮದುವೆ ಜವಳಿಯವರು ಬರುವುದೇ ಎಂಟೂವರೆಯ ಮೇಲೆ,
ಒಂದು ಸೀರೆಗೆ ನಾಲ್ವರು ಸೋದರತ್ತೆಯರ ಸಮೇತ.
ನನ್ನ ಕೊನೆಯ ಬಸ್ಸು ಎಂಟೂ ನಲವತ್ತು.
ಶಾಹೀನಾ ಚೆನ್ನಾಗಿ ಮಾರುತ್ತಾಳೆ, ನೋಡಿ ಕಲಿ,
ಅನ್ನುತ್ತಾರೆ ಚಂಪಾಲಾಲ್ ಸೇಟು.
ಶಾಹೀನಾ ಮಂಡಿ ಮೊಹಲ್ಲಾದಲ್ಲಿದ್ದಾಳೆ.
ಅದನ್ನು ಕಲಿಯುವುದು ಹೇಗೆ?

ಆಷಾಢದ ಡಿಸ್ಕೌಂಟಿನಲ್ಲಿ ಒಂದು ರಾತ್ರಿ ಹಟಕ್ಕೆ ನಿಂತೆ.
ಶ್ರಾವಣದ ಮದುವೆಗೆ ಹುಣಸೂರಿನವರು, ಒಂಬತ್ತು ಸೀರೆ,
ಇನ್ನೂರ ಎಪ್ಪತ್ತು.
ಬೋಗಾದಿಯಾಚೆ ಎಂದೊಡನೆ ಆಟೋದವನು ಆಕಳಿಸಿದ:
"ವಾಪಸ್ ಖಾಲಿ ಬರ್ಬೇಕಕ್ಕ, ಮುನ್ನೂರೈವತ್ತು ಆಯ್ತದೆ."
ಮನೆಯ ಒಂದೇ ಸ್ಕೂಟರು ಹೆಬ್ಬಾಳದ ಕಾರ್ಖಾನೆ ಗೇಟಿನಲ್ಲಿ,
ಇವರ ರಾತ್ರಿಪಾಳಿಯ ಜೊತೆ.

"ಬಾ" ಎಂದಳು ಶಾಹೀನಾ.
ಅವಳ ಕೋಣೆಗೂ ಒಂದೇ ಕಿಟಕಿ. ಆಚೆ ಗೋಡೆ.
ಅವರಮ್ಮ ಬಿಸಿ ಖುಷ್ಕಾ ಬಡಿಸಿದರು,
ನನಗೆ ಮಂಚ ಬಿಟ್ಟು ಇಬ್ಬರೂ ನೆಲಕ್ಕೆ ಚಾಪೆ ಹಾಸಿಕೊಂಡರು.
ಹೊರಗೆ ಲಾರಿ ಹಿಂದಕ್ಕೆ ಬರುವ ಸದ್ದು, ಕೇರಂ ಹುಡುಗರ ಜಗಳ.
"ನಿಮ್ಮನೇಲಿ ನವಿಲು ಬರುತ್ತಂತೆ, ಹೌದಾ?"
ಕತ್ತಲಲ್ಲಿ ಕೇಳಿದಳು.
ಹೂಂ ಎನ್ನುವಷ್ಟರಲ್ಲಿ ನಿದ್ದೆ.

ಎದ್ದಾಗ ಎಂಟೂವರೆ.
ಎಷ್ಟು ವರ್ಷದ ಬಾಕಿಯೋ, ದಿಂಬಿನ ಮೇಲೆ ಕೆನ್ನೆಯ ಅಚ್ಚು.
ಚಹಾ ಕುಡಿದು, ಅವಳಿಂದ ಜಡೆ ಹಾಕಿಸಿಕೊಂಡು,
ಮಾತಾಡುತ್ತಾ ನಡೆದೇ ಹೋದೆವು.
ಕವರಿನ ಚಪ್ಪಲಿ ಕವರಿನಲ್ಲೇ ಇತ್ತು.

ಅವತ್ತು ಇವರಿಗೆ ವಾರದ ರಜೆ.
ರಾತ್ರಿ ತಲುಪುವ ಹೊತ್ತಿಗೆ ಎಲ್ಲ ಕಿಟಕಿ ತೆರೆದಿಟ್ಟಿದ್ದರು,
ಗಾಳಿ ಪರದೆಯನ್ನು ಸೂರಿಗೆ ಎತ್ತಿ ಹಿಡಿದಿತ್ತು.
ಕ್ಯಾಲೆಂಡರಿನಲ್ಲಿ ಕಂತಿನ ತಾರೀಖಿಗೊಂದು ಸುತ್ತು,
ಇಂಥವು ಇನ್ನು ನೂರ ಎಂಬತ್ತೆಂಟು.
"ಅಲ್ಲಿ ನಿದ್ದೆ ಬಂತಾ?" ಅಂದರು.
ಎಲ್ಲಿ, ಬರೀ ಸೊಳ್ಳೆ, ಎಂದೆ.